ಎತ್ತರ ಕೇಳದ ಲ್ಯಾಬ್ ಚೀಟಿ

ತೀರ್ಥಹಳ್ಳಿ ಸಮೀಪದ ನಮ್ಮೂರಿನಲ್ಲಿ ತಂಗಿಯ ಮಗನನ್ನು ಎಲ್ಲರೂ ‘ಸಣಕಲ’ ಎಂದೇ ಕರೆಯುತ್ತಿದ್ದರು. ಐದು ತುಂಬಿದ್ದರೂ ಅವನ ಎತ್ತರ 96 ಸೆಂಟಿಮೀಟರ್. ರಾತ್ರಿ ಎರಡು ಮೂರು ಸಲ ಎದ್ದು ನೀರು ಕುಡಿಯುತ್ತಿದ್ದ. ಮಳೆಗಾಲದಲ್ಲಿ ಅವನ ಹಾಸಿಗೆಯನ್ನು ಬಚ್ಚಲೊಲೆಯ ಪಕ್ಕ ಒಣಗಿಸುವುದೇ ತಂಗಿಗೆ ದಿನದ ಕೆಲಸವಾಗಿತ್ತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಡೆಸಿಲೀಟರಿಗೆ 1.1 ಮಿಲಿಗ್ರಾಂ ಎಂದು ಬಂತು. ಪಕ್ಕದಲ್ಲಿ ಅಚ್ಚಾಗಿದ್ದ ಸಹಜ ಮಿತಿ 0.7ರಿಂದ 1.3. ಚೀಟಿ ನೋಡಿದವರು ‘ನಾರ್ಮಲ್ ಇದೆ’ ಎಂದರು; ನಾವೂ ನಿರಾಳವಾಗಿ ಬಸ್ ಹತ್ತಿದೆವು.

ಆ ಮಿತಿ ದೊಡ್ಡವರದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಅಷ್ಟು ಸಣ್ಣ ಮೈಯಲ್ಲಿ ಅದು 0.4ರ ಆಸುಪಾಸಿನಲ್ಲಿರಬೇಕು. ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್ನಿನಿಂದ ಭಾಗಿಸಿದರೆ ಮಗುವಿನ ಮೂತ್ರಪಿಂಡದ ಸೋಸುವ ಶಕ್ತಿಯ ಅಂದಾಜು ಸಿಗುತ್ತದೆ. ತಿಂಗಳುಗಳ ನಂತರ ಮಕ್ಕಳ ಕಿಡ್ನಿ ತಜ್ಞರು ಈ ಲೆಕ್ಕ ಹಾಕಿದಾಗ ಬಂದದ್ದು 36. ತೊಂಬತ್ತರ ಮೇಲಿರಬೇಕಾದದ್ದು! ಮೂತ್ರ ಹೊರಬರುವ ದಾರಿಯಲ್ಲಿ ಹುಟ್ಟಿನಿಂದಲೇ ಕವಾಟದಂಥ ಪೊರೆಯೊಂದು ಅಡ್ಡವಾಗಿತ್ತು. ಗಂಡುಮಕ್ಕಳಲ್ಲಿ ಮಾತ್ರ ಕಾಣುವ ದೋಷವಿದು. ಪೊರೆಯನ್ನು ತೆಗೆದರು, ಆದರೆ ಕಿಡ್ನಿಗೆ ಆದ ಹಾನಿ ಉಳಿಯಿತು.

ಚೀಟಿಯ ತಪ್ಪನ್ನು ಮನೆಯಲ್ಲಿ ನಾವೇ ಮುಂದುವರಿಸಿದೆವು. ಡಯಾಲಿಸಿಸ್ ಮಾಡಿಸಿಕೊಳ್ಳುವ ಅಜ್ಜನಿದ್ದ ನೆರೆಮನೆಯವರು, “ನೀರು ಕಡಿಮೆ ಕೊಡಿ ಮಾರಾಯ್ರೆ, ಉಪ್ಪು, ಬೇಳೆ ಮುಟ್ಟಿಸ್ಲೇಬೇಡಿ” ಎಂದರು. ಹಾಗೆಯೇ ಮಾಡಿದೆವು. ಹುಡುಗ ಇನ್ನಷ್ಟು ಬಾಡಿದ. ಇಂಥ ಹುಟ್ಟುದೋಷವಿರುವ ಎಷ್ಟೋ ಮಕ್ಕಳ ಕಿಡ್ನಿಗೆ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಹೋದಷ್ಟನ್ನು ತುಂಬಿಕೊಡಬೇಕು, ಬೆಳೆಯುವ ಮಗುವಿಗೆ ವಯಸ್ಸಿಗೆ ತಕ್ಕ ಪ್ರೋಟೀನನ್ನು ತಪ್ಪಿಸಬಾರದು ಎಂದು ತಜ್ಞರು ಬಿಡಿಸಿ ಹೇಳಿದಾಗ ತಂಗಿ ತಲೆಯೆತ್ತಲಿಲ್ಲ. ಮೈ ಊದಿಕೊಂಡ ಮಗುವಿನ ಪಥ್ಯ ಇದಕ್ಕೆ ತೀರಾ ವಿರುದ್ಧವಾಗಿರಬಹುದು. ಆದ್ದರಿಂದಲೇ ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನಕಲು ಮಾಡಬಾರದೆಂದು ನನ್ನ ಹಟ.

ಅವನ ರಕ್ತದೊತ್ತಡವನ್ನೂ ಮಕ್ಕಳ ಅಳತೆಯ ಪಟ್ಟಿ ಸುತ್ತಿಯೇ ನೋಡಬೇಕು. ರಕ್ತದೊತ್ತಡವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಿಡ್ನಿ ಸೋಲುವುದು ನಿಧಾನವಾಗುತ್ತದೆಂದು ಯುರೋಪಿನ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಿಮೋಗ್ಲೋಬಿನ್, ರಂಜಕ, ಪೊಟ್ಯಾಸಿಯಂ ಪರೀಕ್ಷೆಗಳೂ ಆಗಾಗ ಆಗುತ್ತವೆ. ಹಲಸಿನ ತೊಳೆ ಎಷ್ಟು ತಿನ್ನಬಹುದೆಂಬುದನ್ನು ಪೊಟ್ಯಾಸಿಯಂ ವರದಿಯೇ ನಿರ್ಧರಿಸುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೇನ್ ಸಿರಪ್ ಇಲ್ಲ.

ವರದಿ ಹೇಗೇ ಬರಲಿ, ಕೊಡಲೇಬಾರದ್ದು ಧಾರೆಹುಳಿ (ಸ್ಟಾರ್ ಫ್ರೂಟ್). ಸೋತ ಕಿಡ್ನಿ ಅದರ ವಿಷಾಂಶವನ್ನು ಹೊರಹಾಕಲಾರದು. ಬಿಡದ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೂ ಹೋಗಬಹುದು. ನಮ್ಮ ಹಿತ್ತಿಲಿನಲ್ಲಿ ಅದರ ಮರವಿದೆ, ಮಗುವಿನ ಕೈಗೆ ಎಟಕುವ ಎತ್ತರದಲ್ಲೇ ಕಾಯಿ ಬಿಡುತ್ತದೆ. ಕಡಿಯಬೇಕೆಂದು ನಾನು, ಅಜ್ಜ ನೆಟ್ಟದ್ದೆಂದು ಅಮ್ಮ. ಮಾತು ಇನ್ನೂ ಮುಗಿದಿಲ್ಲ.