ತೊಗರಿಗೆ ಎಚ್ ಅದನೋ ಇಲ್ಲೋ

ಮೇ ತಿಂಗಳದಾಗ ಒಂದು ಮಧ್ಯಾಹ್ನ ನಮ್ಮ ಕಾಕಾರ ಡೈರಿ ಕೂಲರ್ ನೀರಾಗ ಬಿತ್ತು ನೋಡ್ರಿ, ಇದೆಲ್ಲ ಅಲ್ಲಿಂದ ಶುರು. ಕಲಬುರಗಿ ಬಿಸಲಾಗ ಕೂಲರ್ ಬಿಟ್ಟು ದೂರ ಯಾರು ಕೂಡ್ತಾರ, ಕಾಕಾ ಅದರ ಮ್ಯಾಲೇ ಡೈರಿ ಇಟ್ಟಿದ್ರು, ನೀರು ತುಂಬ್ಲಾಕ ಬಂದ ಕಾಕಿ ಕೈ ತಾಕ್ತು, ಡೈರಿ ಒಳಗ. ಗಂಜಿನ ಅಡತಿ ಅಂಗಡಿಯವ್ರು ಪುಕ್ಕಟೆ ಕೊಟ್ಟಿದ್ದ ಡೈರಿ, ಹೋದ್ರ ಹೋಗ್ಲಿ ಅನ್ಬಹುದಿತ್ತು, ಆದ್ರ ಇಡೀ ಮನಿ ಮಂದಿ ಪಾಸ್‌ವರ್ಡ್ ಅದರಾಗೇ ಇದ್ವು.

ಮಾಳಿಗಿ ಮ್ಯಾಲ ಸಂಡಿಗಿ ಬಾಜೂಕ ಒಣಗಿಸಿ ತಗದು ನೋಡಿದ್ವಿ. ಬಸವ@123, ಅದಕ್ಕ ಅಡ್ಡ ಗೆರಿ. ಕೆಳಗ ಬಸವ@1234, ಮಗ್ಗಲಕ್ಕ ‘ಹೊಸದು’ ಅಂತ. ಅದಕ್ಕೂ ಗೆರಿ. ಬಸವ@12345, ‘ಹೊಸಾ ಹೊಸದು’. ಎಲ್ಲಾಕ್ಕಿಂತ ಕೆಳಗ ಚೌಕ ಹಾಕಿ ‘ಇದೇ ಖರೆ’ ಅಂತ ಬರ್ದಿದ್ರು, ಆ ಒಂದು ಸಾಲು ಮಾತ್ರ ಜೆಲ್ ಪೆನ್ನಿಲೆ ಬರ್ದಿದ್ರಂತ, ನೀಲಿ ಕಲಿ ಒಂದೇ ಉಳಿದಿತ್ತು.

ಪಾಸ್‌ವರ್ಡ್ ಇಲ್ಲದೇ ಕಾಕಾರ ಇಮೇಲ್ ತಗೀಬೇಕಂದ್ರ ಅದು ಕೇಳ್ತು, ನೀವು ಹುಟ್ಟಿದ ಊರು ಯಾವುದು. ಇದೇನು ದೊಡ್ಡ ಮಾತು ಅಂತ ಗುಲ್ಬರ್ಗಾ ಹೊಡದೆ, ತಪ್ಪು. ಹೌದಲ್ಲ, 2014ರ ನವೆಂಬರ್ 1ಕ್ಕ ಊರ ಹೆಸರೇ ಬದಲಾಗ್ಯಾದ, ರೈಲ್ವೆ ಸ್ಟೇಷನ್ನಿನ ಕೋಡ್ ಸೈತ ಜಿಆರ್ ಹೋಗಿ ಕೆಎಲ್‌ಬಿಜಿ ಆಗ್ಯಾದ, ಅದಕ್ಕ ಕಲಬುರಗಿ ಹೊಡದೆ, ತಪ್ಪು. ನಡುವಿನ ಎರಡು ಎ ತಗದು ಕಲ್ಬುರ್ಗಿ ಮಾಡ್ದೆ, ಲಾಕ್ ಆಯ್ತು. ಆಮ್ಯಾಲ ಕಾಕಾ ಸಾವಕಾಶ ಚಹಾ ಕುಡೀತಾ ಅಂತಾರ, “ನಾ ಹುಟ್ಟಿದ್ದು ಇಲ್ಲೆಲ್ಲಿ ತಮ್ಮಾ, ಆಳಂದದಾಗ, ನಮ್ಮ ಅವ್ವನ ತವರಮನ್ಯಾಗ.”

ನಾ ಕಂಪ್ಯೂಟರ್ ಕಲ್ತಾಂವ ಅಂತ ಮನ್ಯಾಗ ಹೆಸರದ, ರಿಮೋಟಿಗೆ ಸೆಲ್ ಹಾಕೋದೂ ನಂದೇ ಕೆಲಸ. ಹಂಗಾಗಿ ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲಾ ಪಾಸ್‌ವರ್ಡ್ ಒಂದೇ ಕಡಿ ಬೀಗ ಹಾಕಿ ಇಡೋ ಆ್ಯಪ್) ಹುಡುಕೋದೂ ನನ್ನ ಕೊಳ್ಳಿಗೇ ಬಿತ್ತು. ಕೀಪಾಸ್ ನನಗ ಭಾಳ ಸೇರಿತ್ತು, ಎಲ್ಲಾ ಒಂದು ಫೈಲಿನಾಗ, ಫೈಲ್ ನಮ್ಮ ಹತ್ರಾನೇ, ಆದ್ರ ಅದರ ಕಾಪಿ ನಾವೇ ಜ್ವಾಪಾನ ಮಾಡ್ಬೇಕು, ಕಾಕಾರ ಎರಡು ಫೋನು ಆಗಲೇ ಹೊಲದ ಬಾವಿ ಸೇರ್ಯಾವ. ವನ್‌ಪಾಸ್‌ವರ್ಡ್ ಛಲೋ ಅದ, ರೊಕ್ಕ ಕೇಳ್ತದ, ಕಾಕಾ ಒಂದೇ ಮಾತು ಅಂದ್ರು, “ಚಾವಿ ಇಡ್ಲಾಕ ಬಾಡಿಗಿ ಯಾಕ ಕೊಡ್ಬೇಕು?” ಅವ್ವ ಬಳಸೋದು ಒಂದೇ ಫೋನು, ಅದರಾಗ ಕ್ರೋಮ್, ಆಕಿಗಿ ಗೂಗಲ್‌ದೇ ಸಾಕು ಅಂತ ಬಿಟ್ಟೆ. ನನಗ, ಕಾಕಾಗ ಬಿಟ್‌ವಾರ್ಡನ್ ಹಾಕ್ದೆ. ಪುಕ್ಕಟೆ, ಎಷ್ಟು ಫೋನಿನಾಗ ಬೇಕಂದ್ರೂ ನಡೀತದ, ಅದರ ಕೋಡ್ ಯಾರ ಬೇಕಾದ್ರೂ ತಗದು ನೋಡ್ಬಹುದು. ನಾ ಏನು ನೋಡಿಲ್ಲ ಬಿಡ್ರಿ.

ಕಾಕಾರ ಸವಾಲು ಮಾತ್ರ ಬರೋಬ್ಬರಿ ಇತ್ತು. “ಎಲ್ಲಾ ಚಾವಿ ಒಂದೇ ಪೆಟ್ಟಿಗ್ಯಾಗ ಇಟ್ಟು, ಆ ಪೆಟ್ಟಿಗಿ ಮಂದಿ ಮನ್ಯಾಗ ಇಡೋದಾ?”

“ಇಲ್ರಿ ಕಾಕಾ, ಬೀಗ ನಿಮ್ಮ ಫೋನಿನಾಗೇ ಬೀಳ್ತದ, ಅವ್ರಿಗಿ ಹೋಗೋದು ಬೀಗ ಹಾಕಿದ ಪೆಟ್ಟಿಗಿ ಅಷ್ಟೇ, ಚಾವಿ ನಿಮ್ಮ ತಲ್ಯಾಗ.”

“ನಾ ಮರ್ತ್ರ?”

“ಅವ್ರಿಗೂ ತಗೀಲಾಕ ಬರಲ್ಲ.”

ಇದಕ್ಕ ಹೆದರ್ತಾರ ಅನ್ಕೊಂಡಿದ್ದೆ. ಕಾಕಾ ಅಡಕಿ ಕತ್ತರಿಸೋದು ನಿಲ್ಲಿಸಿ, “ಹಂಗಿದ್ರ ನಂಬ್ಲಾಕ ಅಡ್ಡಿ ಇಲ್ಲ, ಹಾಕು” ಅಂದ್ರು.

ಬೆರಳಚ್ಚು ಇಟ್ರ ಸುಲಭ ಅಂದೆ. ನಲ್ವತ್ತು ವರ್ಷ ಕುಂಟಿ ಹಿಡದ ಹೆಬ್ಬೆಟ್ಟು, ರೇಷನ್ ಅಂಗಡಿ ಮಷೀನಿಗೇ ಸಿಗಲ್ಲ, ಫೋನಿಗೆ ಎಲ್ಲಿ ಸಿಗಬೇಕು. ಪೆಟ್ಟಿಗಿ ತಗಿಯೋ ಆ ಒಂದು ಪಾಸ್‌ವರ್ಡ್, ಮಾಸ್ಟರ್ ಪಾಸ್‌ವರ್ಡ್ ಅಂತಾರ, ಟೈಪೇ ಮಾಡ್ಬೇಕು. @123ಕ್ಕಿಂತ ಸಂಬಂಧ ಇಲ್ಲದ ನಾಕು ಶಬ್ದ ಉದ್ದಕ ಇಟ್ರ ಗಟ್ಟಿ, ನೆನಪೂ ಉಳೀತದ, ಅದಕ್ಕ ಕಾಕಾರೇ ಸುತ್ತ ನೋಡಿ ಆರಿಸಿದ್ರು: ತೊಗರಿ, ಎಮ್ಮಿ, ಕೂಲರ್, ಚಪ್ಪಲ್. (ಈಗ ಬದಲಿ ಮಾಡೀವಿ, ಅದಕ್ಕೇ ಬರೀಲತ್ತೀನಿ.)

ಇಲ್ಲೇ ಎಡವಿದ್ದು ನಾ. ಇಂಗ್ಲಿಷ್ ಅಕ್ಷರದಾಗ ಬರಿಯೋ ಮುಂದ ನನ್ನ ತೊಗರಿ ಬರೇ ಟಿ, ಕಾಕಾರ ತೊಗರಿಗೆ ಟಿ ಮುಂದ ಎಚ್, ಕಾಕಿ ನಡುವಿನ ಎ ನುಂಗಿ ತೊಗ್ರಿ ಅಂತಾರ. ಎಮ್ಮಿಗೂ ಮೂರು ನಮೂನಿ, ಒಬ್ರು ಮುಂದ ವೈ ಹಚ್ತಾರ, ಒಬ್ರು ಹಿಂದ ಇ. ಚಪ್ಪಲ್ಲಿಗೆ ಪಿ ಒಂದೋ ಎರಡೋ, ಕೂಲರ್ ಸಿ ಇಂದನೋ ಕೆ ಇಂದನೋ. ಲೆಕ್ಕ ಹಾಕಿದ್ರ 36 ಆಯ್ತವ. 2019ರಾಗ ನಮ್ಮ ತೊಗರಿ ಬ್ಯಾಳಿಗೆ ಇದು ಈ ಸೀಮಿದೇ ಅನ್ನೋ ಸರ್ಕಾರಿ ಗುರುತು, ಜಿಐ ಟ್ಯಾಗ್, ಸಿಕ್ತು, ಸ್ಪೆಲ್ಲಿಂಗಿಗೆ ಯಾರೂ ಟ್ಯಾಗ್ ಹಾಕ್ಲಿಲ್ಲ. ಒಂದು ಹಾಳಿ ಮ್ಯಾಲ ಅಕ್ಷರ ಅಕ್ಷರ ಬಿಡಿಸಿ ಬರ್ದು ಹೊಲದ ಪಹಣಿ ಜೋಡಿ ತಿಜೋರ್ಯಾಗ ಇಟ್ಟೆ, ಮುಗೀತು ಅನ್ಕೊಂಡೆ.

ಹದಿನೈದು ದಿನಕ್ಕ ಫೋನ್ ಬಂತು. ಕಾಕಾ ಬ್ಯಾಂಕಿನಾಗ ಪಾಳಿ ಹಚ್ಚಿ ನಿಂತಾರ, ಆ್ಯಪ್ ಮಾಸ್ಟರ್ ಪಾಸ್‌ವರ್ಡ್ ಕೇಳ್ಲತ್ತದ, ತಿಜೋರಿ ಮನ್ಯಾಗ. ಕಾಕಾ ಫೋನಿನಾಗ ಮಾತಾಡೋದು ಅಂದ್ರ ಆ ಕಡಿ ಹೊಲದಾಗಿದ್ದಾಂವಗ ಕೂಗಿ ಕರ್ದಂಗ.

“ತಮ್ಮಾ, ತೊಗರಿಗೆ ಎಚ್ ಅದನೋ ಇಲ್ಲೋ?”

ನಾ ಹಲ್ಲು ಕಚ್ಚಿ ಸಣ್ಣ ದನಿಲೆ, ಕಾಕಾ ಮೆಲ್ಲಗ ಮಾತಾಡ್ರಿ ಅನ್ನೋದ್ರಾಗ ಹಿಂದಿಂದ ಯಾರೋ ಅಂದದ್ದು ನನಗ ಸ್ಪಷ್ಟ ಕೇಳ್ತು, “ಎಚ್ ಬ್ಯಾಡ್ರಿ ಕಾಕಾ, ನಮ್ಮ ಕಡಿ ಬರೇ ಟಿ ಹಾಕ್ತಾರ.” ಇನ್ನೊಬ್ರು, “ಏ ಇಲ್ರಿ, ಎಚ್ ಬೇಕೇ ಬೇಕು.” ಪಾಳ್ಯಾಗ ಎರಡು ಪಾರ್ಟಿ ಆದ್ವು. ಐದು ನಿಮಿಷ ಬಿಟ್ಟು ಕಾಕಾ ಖುಷೀಲೆ, “ಓಪನ್ ಆಯ್ತು ಬಿಡು, ಎಮ್ಮಿಗೆ ಒಂದು ಎಂ ಕಮ್ಮಿ ಬಿದ್ದಿತ್ತು, ಕ್ಯಾಷಿಯರ್ ಸಾಹೇಬ್ರು ಹೇಳಿದ್ರು.”

ಅವತ್ತೇ ರಾತ್ರಿ ನಾಕೂ ಶಬ್ದ ಬದಲಿ ಮಾಡಿದ್ವಿ. ಹೊಸವು ಯಾವು ಅಂತ ಹೇಳಲ್ಲ. ಎಚ್ ಇಲ್ಲದವು ಹುಡುಕಿ ಹುಡುಕಿ ಇಟ್ಟೀವಿ.