ಬೋರ್ಡ್ ಬದಲಿಸುವ ಮೊದಲು ಬಯೋಸ್ ನೋಡಿ

ದಾವಣಗೆರೆಯ ಡಿಟಿಪಿ ಸೆಂಟರ್, ಫೋಟೊ ಸ್ಟುಡಿಯೊ, ಝೆರಾಕ್ಸ್ ಅಂಗಡಿಗಳಲ್ಲಿ ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಮದರ್‌ಬೋರ್ಡಿನ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ಒಳಗಿರುವುದು ಎರಡನೇ ತಲೆಮಾರಿನ ಪೆಂಟಿಯಂ ಜಿ620, ಇಲ್ಲವೇ ಐ3 ಪ್ರೊಸೆಸರ್. ಲಗ್ನಪತ್ರಿಕೆ ಸೀಸನ್‌ನಲ್ಲಿ ಕೋರಲ್‌ಡ್ರಾ, ಫೋಟೊಶಾಪ್ ಎರಡೂ ತೆರೆದರೆ ಸುಸ್ತಾಗುತ್ತವೆ. ಆಗ 'ಹಳೇದಾಯ್ತು, ಹೊಸದು ತಗೊಳ್ಳಿ' ಅನ್ನೋ ಮಾತು ಬಂದೇ ಬರುತ್ತದೆ. ಅದನ್ನು ಅಷ್ಟು ಬೇಗ ಒಪ್ಪಬೇಡಿ. ಪ್ರೊಸೆಸರ್ ಕೂರುವ ಅದೇ 1155 ಸಾಕೆಟ್‌ಗೆ ಸೆಕೆಂಡ್‌ಹ್ಯಾಂಡ್ ಐ5-3470 ಕೂರುತ್ತದೆ, ಎರಡು ಕೋರ್ ಇದ್ದದ್ದು ನಾಲ್ಕಾಗುತ್ತದೆ.

ಮೊದಲು ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ. ಡಿಸ್ಕ್ ಶೇ 100 ತೋರಿಸುತ್ತಿದ್ದರೆ ತಪ್ಪು ಪ್ರೊಸೆಸರ್‌ನದಲ್ಲ, ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ. ರ್‍ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ಇವೆರಡೂ ಆದಮೇಲೂ ಸಿಪಿಯು 100ರಲ್ಲೇ ನಿಂತರೆ ಮಾತ್ರ ಪ್ರೊಸೆಸರ್‌ಗೆ ದುಡ್ಡು ಹಾಕಿ.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಸಾಕೆಟ್, ಬೋರ್ಡಿನ ಮಾಡೆಲ್, ಬಯೋಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಆವೃತ್ತಿ ಮೂರೂ ಸಿಗುತ್ತವೆ. ಹೆಚ್ಚಿನವರು ಎಡವುವುದು ಬಯೋಸ್‌ನಲ್ಲೇ. ಎಚ್61 ಬಂದದ್ದು 2011ರಲ್ಲಿ, ಮೂರನೇ ತಲೆಮಾರಿನ ಪ್ರೊಸೆಸರ್‌ಗಳು ಬಂದದ್ದು 2012ರಲ್ಲಿ. ಹಳೆಯ ಬಯೋಸ್‌ಗೆ ಐ5-3470ರ ಗುರುತೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಚಿಪ್ ಸತ್ತಿದೆ ಎಂದು ವಾಪಸ್ ಕೊಟ್ಟುಬಿಡುತ್ತಾರೆ. ಹಳೆಯ ಪ್ರೊಸೆಸರ್ ಇರುವಾಗಲೇ ಬೋರ್ಡ್ ಕಂಪನಿಯ ತಾಣದಿಂದ ಬಯೋಸ್ ಅಪ್‌ಡೇಟ್ ಮಾಡಿ, ಅದೂ ಯುಪಿಎಸ್ ಮೇಲೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗುತ್ತದೆ. ಕಂಪನಿ ಅಸೆಂಬಲ್ ಮಾಡಿದ ಕೆಲವು ಮಾಡೆಲ್‌ಗಳು ಮೂರನೇ ತಲೆಮಾರನ್ನು ಒಪ್ಪುವುದೇ ಇಲ್ಲ, ಯಾವ ಪ್ರೊಸೆಸರ್ ನಡೆಯುತ್ತದೆ ಎಂಬ ಕಂಪನಿಯ ಪಟ್ಟಿ ನೋಡಿಯೇ ಕೊಳ್ಳಿ.

ಅಗ್ಗಕ್ಕೆ ಸಿಕ್ಕಿತೆಂದು ಸರ್ವರ್‌ಗಳಿಗೆಂದು ಮಾಡಿದ ಝಿಯಾನ್ ಇ3-1230 ವಿ2 ಪ್ರೊಸೆಸರ್ ತರಬೇಡಿ. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕು. ಐ7-2600 ಕೂಡ ಬೇಡ ಅನ್ನುತ್ತೇನೆ, ಅದರ ಬಿಸಿ 95 ವ್ಯಾಟ್. ಪೆಂಟಿಯಂ ಜಿ620 65, ಐ5-3470 77. ಪೆಂಟಿಯಂ ಜೊತೆ ಬಂದ ತೆಳ್ಳನೆಯ ಅಲ್ಯೂಮಿನಿಯಂ ಕೂಲರ್ ಏಪ್ರಿಲ್ ತಿಂಗಳ ಶೀಟಿನ ಅಂಗಡಿಯಲ್ಲಿ 77 ವ್ಯಾಟ್‌ಗೇ ಏದುಸಿರು ಬಿಡುತ್ತದೆ. ನಡುವೆ ತಾಮ್ರದ ಗುಂಡಿ ಇರುವ ಕೂಲರನ್ನೇ ಕೇಳಿ ತನ್ನಿ. ಚಿತ್ರದುರ್ಗದ ಗಾಳಿ, ಧೂಳಿಗಂತೂ ಕೂಲರ್‌ನ ತೆಳು ತಗಡುಗಳಾದ ಫಿನ್‌ಗಳ ನಡುವೆ ಹತ್ತಿಯಂತೆ ಕಟ್ಟಿಕೊಂಡಿರುತ್ತದೆ, ಬ್ರಷ್‌ನಲ್ಲಿ ಬಿಡಿಸಿ.

ಬಿಚ್ಚುವ ಮೊದಲು ಐದು ನಿಮಿಷ ಓಡಿಸಿದರೆ ಪ್ರೊಸೆಸರ್, ಕೂಲರ್ ನಡುವೆ ಬಿಸಿ ದಾಟಿಸಲು ಹಚ್ಚಿದ, ಈಗ ಒಣಗಿದ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಕರೆಂಟ್ ವೈರ್ ಪೂರ್ತಿ ಕಿತ್ತು, ಕೂಲರ್‌ನ ನಾಲ್ಕು ಪಿನ್‌ಗಳನ್ನು ಬಾಣದ ಗುರುತಿನ ಕಡೆ ತಿರುಗಿಸಿ ಮೇಲೆತ್ತಿ. ಸಾಕೆಟ್‌ನ ಲಿವರ್ ಬಿಚ್ಚಿ ಹಳೆಯ ಚಿಪ್ ತೆಗೆಯಿರಿ. ಇಂಟೆಲ್‌ನ ಈ ಸಾಕೆಟ್‌ನಲ್ಲಿ ಪಿನ್ ಇರುವುದು ಬೋರ್ಡಿನಲ್ಲಿ, 1155 ಕೂದಲಿನಂಥ ತಂತಿಗಳು. ಬೆರಳು, ಬಟ್ಟೆ ತಾಗಿಸಬೇಡಿ. ಒಂದು ಬಾಗಿದರೂ ರ್‍ಯಾಮ್ ಸ್ಲಾಟ್ ಸತ್ತಂತೆ ಕಾಣಬಹುದು. ಚಿಪ್‌ನ ಎರಡು ಕಚ್ಚು, ಮೂಲೆಯ ತ್ರಿಕೋನ ಹೊಂದಿಸಿ ಹಾಗೇ ಇಳಿಬಿಡಿ, ಒತ್ತಬೇಡಿ. ಲಿವರ್ ಮುಚ್ಚುವಾಗ ಕಿರ್ರೆಂದರೆ ಹೆದರಬೇಡಿ, ಅದಿರುವುದೇ ಹಾಗೆ. ಹಳೆಯ ಪೇಸ್ಟ್ ಪೂರ್ತಿ ಒರೆಸಿ, ಬಟಾಣಿಗಿಂತ ಚಿಕ್ಕ ಚುಕ್ಕೆ ನಡುವೆ ಇಟ್ಟರೆ ಸಾಕು. ಕೂಲರ್ ಪಿನ್‌ಗಳನ್ನು ಎದುರುಬದುರು ಜೋಡಿಯಾಗಿ ಟಕ್ ಎನ್ನುವವರೆಗೆ ಒತ್ತಿ, ಫ್ಯಾನ್ ವೈರ್ ಸಿಪಿಯು ಫ್ಯಾನ್ ಎಂದು ಬರೆದಲ್ಲೇ ಚುಚ್ಚಿ.

ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಬಿಸಿ ನೋಡಿ. 90 ಡಿಗ್ರಿ ದಾಟಿದರೆ ಮತ್ತೆ ಪೇಸ್ಟ್ ತರಲು ಓಡಬೇಡಿ. ಬೋರ್ಡಿನ ಹಿಂಬದಿ ನೋಡಿ, ಹೆಚ್ಚಾಗಿ ಅಲ್ಲಿ ಕೂಲರ್‌ನ ಒಂದು ಪಿನ್ ಅರ್ಧಕ್ಕೇ ನಿಂತಿರುತ್ತದೆ.