ಬೆಳೆಸಾಲಕ್ಕೆ ನಡೆಯೋ ಹೊಲ ಮಗಳ ಓದಿಗೆ ಯಾಕೆ ನಡೆಯಲ್ಲ?

ನಿನ್ನೆ ಮಧ್ಯಾಹ್ನದಿಂದ ತಲೆ ಸಿಡೀತಿದೆ, ರಾತ್ರಿ ನಿದ್ದೆನೂ ಬಂದಿಲ್ಲ, ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರಸೊತ್ತಿದ್ದಾಗ ಓದಿ.

ರಾಯಚೂರು ಜಿಲ್ಲೆ ಮಾನ್ವಿ ಕಡೆ ಹುಡುಗಿ ಬಗ್ಗೆ ಹಿಂದೆ ಬರೆದಿದ್ದೆ, ನೆನಪಿರಬೇಕು ನಿಮಗೆ. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಿಂದ ಡೆವಲಪ್‌ಮೆಂಟ್ ಸ್ಟಡೀಸ್ ಎಂಎಗೆ, ಅಂದ್ರೆ ಬಡತನ, ಅಭಿವೃದ್ಧಿ ಬಗ್ಗೆ ಓದೋ ಕೋರ್ಸಿಗೆ, ಆಫರ್ ಬಂತು, ಫೀಸಲ್ಲಿ ಒಂದು ಪಾಲು ಅವರೇ ಬಿಟ್ಟಿದಾರೆ ಅಂತ ಕುಣಿದಾಡಿಕೊಂಡು ಹಾಕಿದ್ದೆ. ಹತ್ತನೇ ಕ್ಲಾಸ್‌ವರೆಗೂ ಸರ್ಕಾರಿ ಕನ್ನಡ ಶಾಲೆ, ಪಿಯುಸಿಗೆ ದಿನಾ ಎರಡು ಬಸ್ಸು, ಡಿಗ್ರಿ ಮುಗಿಸಿ ಮೂರು ವರ್ಷ ನಮ್ಮ ಜೊತೆನೇ ಹಳ್ಳಿ ಹಳ್ಳಿ ಸರ್ವೆ ಮಾಡಿದವಳು. ಅವಳಿಗೆ, ಅವರಪ್ಪನಿಗೆ (ನಾನು ಕಾಕಾ ಅಂತೀನಿ) ಜೊತೆಯಾಗಿ ನಿನ್ನೆ ಎಜುಕೇಷನ್ ಲೋನ್ ಕೇಳೋಕೆ ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕು ಅಂತ ಕೇಳಬೇಡಿ, ಎಲ್ಲಾ ಕಡೆ ಇದೇ ಉತ್ತರ ಸಿಗೋದು.

ಕಾಕಾ ಗೊಬ್ಬರದ ಅಂಗಡಿ ಹೆಸರಿರೋ ಒಂದು ಕ್ಯಾರಿಬ್ಯಾಗಲ್ಲಿ ಎಲ್ಲಾ ತಂದಿದ್ರು. ಪಹಣಿ, ಆಧಾರ್, ರೇಷನ್ ಕಾರ್ಡು, ಬೆಳೆಸಾಲದ ಪಾಸ್‌ಬುಕ್ಕು. ಅದರ ಮಧ್ಯೆ ಮಗಳ ಆಫರ್ ಲೆಟರು, ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದ್ದು. ಬಸ್ಸಲ್ಲಿ ಬರುವಾಗ ಬೆವರಿಗೆ ಹಾಳಾಗಬಾರದು ಅಂತ ಮಾಡಿಸಿದಾರೆ. ಅವರಿಗೆ ಅದರಲ್ಲಿ ಒಂದು ಅಕ್ಷರ ಓದೋಕೆ ಬರಲ್ಲ, ಆದ್ರೆ ಆಫೀಸರ್ ಮುಂದೆ ಇಡುವಾಗ ಅದನ್ನೇ ಮೊದಲು ಇಟ್ಟರು, ಎರಡೂ ಕೈಯಲ್ಲಿ.

ಆಫೀಸರ್ ಕೆಟ್ಟವರೇನಲ್ಲ. ಕೂರಿಸಿದ್ರು, ಚಹಾ ತರಿಸಿದ್ರು, ಲೆಟರ್ ಪೂರ್ತಿ ಓದಿ ಹುಡುಗಿಗೆ ಶಭಾಷ್ ಅಂದ್ರು. ಆಮೇಲೆ ಪಹಣಿ ಒಂದು ಪಕ್ಕಕ್ಕೆ ಸರಿಸಿ, "ಹೊಲ ನಡಿಯಂಗಿಲ್ರಿ. ಎನ್‌ಎ ಆಗಿರೋ ಪ್ಲಾಟ್ ಇದ್ರ ತರ್ರಿ, ಇಲ್ಲಾ ಟೌನ್ ಒಳಗ ಮನಿ, ಇಲ್ಲಾ ಎಫ್‌ಡಿ" ಅಂದ್ರು. ಎನ್‌ಎ ಅಂದ್ರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾಯಿಸಿದ ಜಾಗ.

ಕಾಕಾ ಸ್ವಲ್ಪ ಹೊತ್ತು ಸುಮ್ನೆ ಇದ್ರು. ಆಮೇಲೆ ಆ ಪಹಣಿ ಮತ್ತೆ ಮುಂದಕ್ಕೆ ಸರಿಸಿ, ಬೆರಳಿಟ್ಟು ತೋರಿಸಿದ್ರು. "ಸಾಹೇಬ್ರ, ಇದ ಹೊಲದ ಮ್ಯಾಲ ವರ್ಷಾ ಬೆಳೆಸಾಲ ಕೊಡ್ತೀರಿ ನೀವ. ಇಲ್ಲಿ ನೋಡ್ರಿ, ನಿಮ್ಮ ಬ್ಯಾಂಕಿಂದ ಸಾಲದ ಬೋಜಾ ಐತಿ. ಬತ್ತಕ್ಕ ನಡಿಯೋ ಹೊಲ ನನ್ನ ಮಗಳ ಓದಿಗೆ ಯಾಕ ನಡಿಯಂಗಿಲ್ರಿ?"

ಆಫೀಸರ್ ಕಂಪ್ಯೂಟರ್ ಕಡೆ ತಿರುಗಿಕೊಂಡ್ರು. ಅವರ ಹತ್ರ ಉತ್ತರ ಇರಲಿಲ್ಲ. ನನ್ನ ಹತ್ರ ಇತ್ತು, ಆದ್ರೆ ಆ ಮನುಷ್ಯನ ಮುಖ ನೋಡ್ಕೊಂಡು ಹೇಳೋಕೆ ಬಾಯಿ ಬರಲಿಲ್ಲ.

ಉತ್ತರ ಇಷ್ಟೇ. ಏಳೂವರೆ ಲಕ್ಷ ದಾಟಿದ ಎಜುಕೇಷನ್ ಲೋನಿಗೆ ಸರ್ಕಾರಿ ಬ್ಯಾಂಕುಗಳು ಆಸ್ತಿ ಅಡ ಕೇಳ್ತವೆ. ಸಾಲ ಕಟ್ಟದೇ ಇದ್ರೆ ಕೋರ್ಟಿಗೆ ಅಲೆಯದೆ ಅಡ ಇಟ್ಟ ಆಸ್ತಿ ವಶಕ್ಕೆ ತಗೊಂಡು ಹರಾಜು ಹಾಕೋಕೆ ಅವಕ್ಕೆ 2002ರ ಸರ್ಫೇಸಿ ಕಾಯ್ದೆ ಇದೆ, ಆದ್ರೆ ಆ ಕಾಯ್ದೆ ಕೃಷಿ ಭೂಮಿಗೆ ಅನ್ವಯ ಆಗಲ್ಲ. ಹಂಗಾಗಿ ಹೊಲ ಅಂದ್ರೆ ಬ್ಯಾಂಕಿನವರಿಗೆ ಎಳೆದರೂ ಬಾರದ ವಸ್ತು. ರೈತನ ಹೊಲ ಉಳೀಲಿ ಅಂತಾನೇ ಮಾಡಿರೋ ವಿನಾಯಿತಿ ಅದು, ಅದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಹೊಲದ ಮೇಲೆ ಕೊಡಲ್ಲ ಅಂದಮೇಲೆ ಬೇರೆ ದಾರಿ ಒಂದು ಇಡಬೇಕಲ್ವಾ? ನಾಲ್ಕು ಎಕರೆ ಹೊಲ ಇರೋ ಮನುಷ್ಯ ಬ್ಯಾಂಕಿನ ಟೇಬಲ್ ಮುಂದೆ ಏನೂ ಇಲ್ಲದವನ ಥರ ಕೂರಬೇಕಾ? ಸಿಟೀಲಿ ಮೂವತ್ತು ನಲವತ್ತರ ಒಂದು ಸೈಟ್ ಇದ್ದೋನು ಆಸ್ತಿವಂತ, ಇವರು ಅಲ್ಲ. ಇದೇ ನನ್ನ ಹೊಟ್ಟೆ ಉರಿ, ನಿನ್ನೆಯಿಂದ ಸುತ್ತಿ ಸುತ್ತಿ ಅಲ್ಲಿಗೇ ಬರ್ತಿದ್ದೀನಿ.

ಮನೆ ಇಲ್ವಾ ಅಂತೀರಿ. ಇದೆ. ಗ್ರಾಮಠಾಣಾದಲ್ಲಿ ಅಜ್ಜ ಕಟ್ಟಿಸಿದ ಮನೆ, ಪಂಚಾಯ್ತಿಯ ಇ-ಸ್ವತ್ತು ದಾಖಲೆ ಆಗಿಲ್ಲ, ಖಾತೆ ಇನ್ನೂ ಸತ್ತು ಹೋದ ಅಜ್ಜನ ಹೆಸರಲ್ಲೇ ಇದೆ. ಆದಾಯದ ದಾಖಲೆ? ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಅದಕ್ಕೇ ಇವರು ಯಾವತ್ತೂ ರಿಟರ್ನ್ ಹಾಕಿಲ್ಲ, ರಿಟರ್ನ್ ಇಲ್ಲ ಅಂದ್ರೆ ಅಡ ಕೇಳದೇ ಸಾಲ ಕೊಡೋ ಖಾಸಗಿ ಕಂಪನಿಯವರ ಲೆಕ್ಕದಲ್ಲೂ ಆದಾಯನೇ ಇಲ್ಲ. ಅವರು ಇನ್ನೊಂದು ಕೇಳ್ತಾರೆ, ಈ ಕೋರ್ಸ್ ಮಾಡಿದ್ರೆ ಎಷ್ಟು ಸಂಬಳ ಬರುತ್ತೆ ಅಂತ. ಎಂಬಿಎಗೆ, ಡೇಟಾ ಸೈನ್ಸಿಗೆ ಆದ್ರೆ ತಟ್ ಅಂತ ಹೇಳ್ತಾರೆ, ಡೆವಲಪ್‌ಮೆಂಟ್ ಸ್ಟಡೀಸ್ ಅಂದ್ರೆ ಫೋನಿನಾಚೆ ಸದ್ದೇ ಇರಲ್ಲ.

ಸ್ಕಾಲರ್‌ಶಿಪ್ ಹಾಕ್ಸಿಲ್ವಾ ಅಂತ ಇಬ್ಬರು ಫೋನ್ ಮಾಡಿ ಕೇಳಿದ್ರು. ಹಾಕ್ಸಿದ್ದೀನಿ, ಬರುವಂಥವೆಲ್ಲ ಹಾಕ್ಸಿದ್ದೀನಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ದೊಡ್ಡ ಯೋಜನೆ, ಪೂರ್ತಿ ಫೀಸು, ಊಟ ವಸತಿ, ವಿಮಾನದ ಟಿಕೆಟ್ ಎಲ್ಲಾ ಕೊಡ್ತಾರೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಅದರಲ್ಲಿ 115 ಪರಿಶಿಷ್ಟ ಜಾತಿಯವರಿಗೆ, 6 ಅಲೆಮಾರಿ ಅರೆ ಅಲೆಮಾರಿಗಳಿಗೆ, 4 ಭೂಮಿ ಇಲ್ಲದ ಕೃಷಿ ಕೂಲಿಗಳು ಮತ್ತೆ ಕುಶಲಕರ್ಮಿಗಳಿಗೆ. ಇವಳು ಯಾವುದರಲ್ಲೂ ಬರಲ್ಲ. ಆ 115 ಸೀಟು ನ್ಯಾಯವಾಗಿ ಸಿಗಬೇಕಾದವರಿಗೇ ಸಿಗ್ತಿದೆ, ಹೆಚ್ಚಾಗಬೇಕು ಅಂತಾನೇ ನಾನು ಅನ್ನೋದು, 140 ಕೋಟಿ ಜನರ ದೇಶದಲ್ಲಿ 115 ಯಾವ ಲೆಕ್ಕ. ಹೇಳೋಕೆ ಹೊರಟಿದ್ದು ಬೇರೆ. ಕೂಲಿಯವರ ಆ 4 ಸೀಟಿಗೆ ಇವಳಪ್ಪನ ಹೊಲ ಅಡ್ಡ ಬರುತ್ತೆ, ಹೊಲ ಇದೆ ಅಂತ. ಬ್ಯಾಂಕಿನ ಸಾಲಕ್ಕೆ ಅದೇ ಹೊಲ ಲೆಕ್ಕಕ್ಕಿಲ್ಲ. ಒಂದೇ ನಾಲ್ಕೆಕರೆ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಇದನ್ನ ಯಾರಾದ್ರೂ ಕಾಕಾಗೆ ಅರ್ಥ ಮಾಡಿಸಿ ನೋಡೋಣ. 2024ರ ನವೆಂಬರಲ್ಲಿ ಬಂದ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅಡ ಇಲ್ಲದೆ ಸಾಲ ಕೊಡಿಸುತ್ತೆ, ಒಳ್ಳೇದು, ಆದ್ರೆ ಅದು ದೇಶದೊಳಗೆ ಓದೋರಿಗೆ.

ಇನ್ನು ಎಲ್ಲರೂ ಹೇಳೋ ಮಾತು, ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷೇ ಅಡ್ಡಿ ಅಂತ. ನಾನೂ ಕನ್ನಡ ಮೀಡಿಯಂ, ನಿಮಗೆ ಗೊತ್ತು. ಐಇಎಲ್‌ಟಿಎಸ್ ಅಂತ ಫಾರಿನ್ನಿಗೆ ಓದೋಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ ಎರಡು ಸಲ ಬರೆದೆ, ಮೊದಲನೇ ಸಲ ರೈಟಿಂಗಲ್ಲಿ ಐದೂವರೆ ಬಂದು ಹಾಸ್ಟೆಲ್ ಬಾತ್‌ರೂಮಲ್ಲಿ ಕೂತು ಅತ್ತಿದ್ದೆ. ಆದ್ರೂ ಹೇಳ್ತೀನಿ, ಇಂಗ್ಲಿಷ್ ಕಲೀಬಹುದು. ಆರು ತಿಂಗಳು ಬೆಳಗ್ಗೆ ಐದಕ್ಕೆದ್ದು ರೇಡಿಯೋ ಕೇಳಿ, ದಿನಕ್ಕೊಂದು ಪುಟ ಬರೆದು ಯಾರ ಹತ್ರನಾದ್ರೂ ತಿದ್ದಿಸಿಕೊಂಡ್ರೆ ಬರುತ್ತೆ, ಈ ಹುಡುಗಿಗೂ ಬಂತು, ಒಂದೇ ಸಲಕ್ಕೆ ಏಳು ತೆಗೆದಳು. ಆ ಪರೀಕ್ಷೆಯ ಫೀಸು ಒಂದು ಸಲಕ್ಕೆ ಹದಿನೇಳು ಹದಿನೆಂಟು ಸಾವಿರ, ಎರಡು ವರ್ಷ ಆದ್ರೆ ಆ ಅಂಕಕ್ಕೆ ಬೆಲೆ ಇಲ್ಲ, ಈ ವರ್ಷ ಹೋಗೋಕೆ ಆಗದೆ ಮುಂದಕ್ಕೆ ಹೋಯ್ತು ಅಂದ್ರೆ ಮತ್ತೆ ಹದಿನೆಂಟು ಸಾವಿರ. ಕಲಿಕೆಗೆ ಬೆವರು ಸಾಕು, ಉಳಿದದ್ದಕ್ಕೆಲ್ಲ ದುಡ್ಡು ಬೇಕು, ಅದೂ ಮೊದಲೇ ಬೇಕು. ಯೂನಿವರ್ಸಿಟಿಗೆ ಡೆಪಾಸಿಟ್, ಟಿಬಿ ಟೆಸ್ಟು, ವೀಸಾ ಫೀಸು, ಅದರ ಮೇಲೆ ಆರೋಗ್ಯದ ಸರ್‌ಚಾರ್ಜ್ ಅಂತ ವರ್ಷಕ್ಕೆ 776 ಪೌಂಡು, ಎಲ್ಲಾ ವಿಮಾನ ಹತ್ತೋಕೆ ಮುಂಚೆ. ಸ್ವಂತ ದುಡ್ಡು ತೋರಿಸೋದಾದ್ರೆ ಅದು 28 ದಿನ ಖಾತೆಯಲ್ಲಿ ಅಲ್ಲಾಡದೆ ಕೂತಿರಬೇಕು. ಬ್ಯಾಂಕಿನ ಎಜುಕೇಷನ್ ಲೋನ್ ಪತ್ರ ಇದ್ರೆ ಆ 28 ದಿನದ ತಲೆನೋವಿಲ್ಲ, ನಿನ್ನೆ ನಾವು ಅಷ್ಟು ಆಸೆ ಇಟ್ಕೊಂಡು ಹೋಗಿದ್ದು ಅದಕ್ಕೇ.

ಇಲ್ಲಿ ಒಂದು ಮಾತು ಹೇಳ್ಬೇಕು, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನಗೆ ಪೂರ್ತಿ ಸ್ಕಾಲರ್‌ಶಿಪ್ ಇತ್ತು, ಅದಕ್ಕೇ ಇಂಗ್ಲೆಂಡಿನ ಬ್ರೈಟನ್‌ಗೆ ಓದೋಕೆ ಹೋದೆ ಅಂತ ಎಲ್ಲರೂ ತಿಳ್ಕೊಂಡಿದ್ದೀರಿ. ಇತ್ತು, ನಿಜ. ಆದ್ರೆ ಅದರ ಮೊದಲ ಕಂತು ಅಲ್ಲಿಗೆ ಹೋಗಿ ವಾರಗಳಾದಮೇಲೆ ಬಂತು. ಅಲ್ಲಿವರೆಗಿನ ಖರ್ಚಿಗೆ ಅವ್ವ ತನ್ನ ಬೋರಮಾಳ, ಅದೇ ಚಿನ್ನದ ಸರ, ಅಡ ಇಟ್ಟಳು, ಅದೂ ಸಾಲದೆ ಊರಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಳು. ಕ್ಲಾಸಲ್ಲಿ ಒಂದು ದಿನ ಹಳ್ಳಿಯ ಬಡ್ಡಿ ವ್ಯವಹಾರದ ಬಗ್ಗೆ ಚರ್ಚೆ ಇತ್ತು, ಬಡವರು ಯಾಕೆ ಅಷ್ಟು ಬಡ್ಡಿಗೆ ಸಾಲ ತಗೋತಾರೆ ಅಂತ ನಾಲ್ಕು ದೇಶದ ಹುಡುಗರು ಮಾತಾಡ್ತಿದ್ರು, ನಾನು ಇಡೀ ಎರಡು ಗಂಟೆ ಒಂದು ಮಾತಾಡಲಿಲ್ಲ. ಆ ತಿಂಗಳ ಬಡ್ಡಿ ಕಟ್ಟೋ ದಿನ ಅದು. ಮಾತಾಡಬೇಕಿತ್ತು. ಆ ಕೋಣೆಯಲ್ಲಿ ಆ ವಿಷಯ ನನ್ನಷ್ಟು ಬಲ್ಲೋರು ಯಾರೂ ಇರಲಿಲ್ಲ, ಆದ್ರೂ ನಾಚಿಕೆಯಿಂದ ಬಾಯಿ ಕಟ್ಟಿತು. ಬೋರಮಾಳ ಬಿಡಿಸೋಕೆ ವಾಪಸ್ ಬಂದು ಎರಡು ವರ್ಷ ಹಿಡೀತು.

ನಮ್ಮ ಬಡತನ ಓದೋಕೆ ಫಾರಿನ್ನಿಗೆ ಯಾಕೆ ಹೋಗ್ಬೇಕು, ಬೆಂಗಳೂರು ಮುಂಬೈಯಲ್ಲೇ ಒಳ್ಳೆ ಕೋರ್ಸ್ ಇದೆಯಲ್ಲ ಅಂತ ಕೇಳೋರು ಇದ್ದಾರೆ. ಇದೆ, ಚೆನ್ನಾಗೇ ಇದೆ, ನಾನೇ ಎಷ್ಟೋ ಜನರನ್ನ ಅಲ್ಲಿಗೆ ಕಳಿಸಿದ್ದೀನಿ. ಆದ್ರೆ ಈ ಮಾತು ಬೆಂಗಳೂರಲ್ಲಿ ಸ್ವಂತ ಮನೆ ಇರೋರ ಮಕ್ಕಳಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಈ ಹುಡುಗಿ ಅರ್ಜಿಯಲ್ಲಿ ಏನು ಬರೆದಿದ್ಲು ಗೊತ್ತಾ? ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಇದೆ, ಅವರ ಹೊಲ ಅದರ ಕೊನೆ ಭಾಗದಲ್ಲಿ. ಮೇಲ್ಗಡೆ ಭತ್ತ ಹಚ್ಚಿದವರೆಲ್ಲ ನೀರು ತಗೊಂಡು ಉಳಿದ್ರೆ ಇವರಿಗೆ. ಅವರಪ್ಪ ರಾತ್ರಿ ಬ್ಯಾಟರಿ ಹಿಡ್ಕೊಂಡು ತೂಬಿನ ಹತ್ರ ಕಾಯೋಕೆ ಹೋಗುವಾಗ ಇವಳು ಬುತ್ತಿ ಒಯ್ಯುತಿದ್ಲು. ನೀರು ಕೊನೆಗೆ ಯಾಕೆ ಮುಟ್ಟಲ್ಲ, ಎಲ್ಲಿ ಯಾರು ಹೇಗೆ ಹಂಚ್ತಾರೆ ಅಂತ ಓದ್ಬೇಕು ಅಂತ ಬರೆದಿದ್ಲು. ಇದೇ ಕಾಲುವೆಯ ನೀರು ಹಂಚಿಕೆ ಮೇಲೆ 1998ರಲ್ಲೇ ನೆದರ್ಲೆಂಡ್ಸಿನ ವಾಗೆನಿಂಗೆನ್ ಯೂನಿವರ್ಸಿಟಿಯಲ್ಲಿ ಒಬ್ಬರು ಪಿಎಚ್‌ಡಿ ಮಾಡಿದಾರೆ, ರಾಯಚೂರು ಜಿಲ್ಲೆಯಲ್ಲಿ ಓಡಾಡಿ ಬರೆದ ಒಳ್ಳೆ ಕೆಲಸ ಅದು, ಗೌರವದಿಂದ ಓದಿದ್ದೀನಿ. ಅವರು ಅಲ್ಲಿಂದ ಇಲ್ಲಿಗೆ ಬಂದು ನಮ್ಮ ಕಾಲುವೆ ಓದಬಹುದು, ಆ ಕಾಲುವೆ ಕೊನೆಯ ಹುಡುಗಿ ಇಲ್ಲಿಂದ ಅಲ್ಲಿಗೆ ಹೋಗಿ ಓದಬಾರದಾ?

ಇನ್ನೊಂದು ಹೇಳ್ತೀನಿ. ಬ್ರೈಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ರಾಬರ್ಟ್ ಚೇಂಬರ್ಸ್ ಹೆಸರು ಈ ವಿಷಯ ಓದಿದ ಎಲ್ಲರಿಗೂ ಗೊತ್ತು, ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್) ಅಂತ ನಾವೆಲ್ಲ ಮಾಡ್ತೀವಲ್ಲ, ಜನರನ್ನೇ ಕೂರಿಸಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸೋದು, ಹುಣಸೆ ಬೀಜ ಇಟ್ಟು ಲೆಕ್ಕ ಹಾಕಿಸೋದು, ಅದನ್ನ ಜಗತ್ತಿಗೆಲ್ಲ ಮುಟ್ಟಿಸಿದವರು ಅವರು. ಅದು ಗಟ್ಟಿಯಾಗಿ ಬೆಳೆದಿದ್ದರಲ್ಲಿ 1990ರ ಆಸುಪಾಸಿನಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯವರು ಮಾಡಿದ ಕೆಲಸದ ಪಾಲು ದೊಡ್ಡದು. ನಕ್ಷೆ ಬರೆದ ಕೈ ನಮ್ಮ ಹಳ್ಳಿ ಹೆಂಗಸರದ್ದು. ಆ ಹೆಂಗಸರ ಮೊಮ್ಮಕ್ಕಳು ಈಗ ಅದೇ ಕ್ಲಾಸಲ್ಲಿ ಕೂರ್ತೀವಿ ಅಂತ ಬಂದ್ರೆ ಎನ್‌ಎ ಪ್ಲಾಟ್ ಇದೆಯಾ ಅಂತ ಕೇಳ್ತೀವಿ.

ಬಾಬಾಸಾಹೇಬರ ಬಗ್ಗೆ ಯೋಚಿಸ್ತಿದ್ದೆ ರಾತ್ರಿ. ಲಂಡನ್ನಿನಲ್ಲಿ ಓದು ಅರ್ಧಕ್ಕೆ ನಿಂತು 1917ರಲ್ಲಿ ವಾಪಸ್ ಬಂದ್ರು, ಬರೋಡಾ ಸ್ಕಾಲರ್‌ಶಿಪ್ಪಿನ ಅವಧಿ ಮುಗಿದಿತ್ತು. ಮುಂಬೈಯಲ್ಲಿ ಮೇಷ್ಟ್ರ ಕೆಲಸ ಮಾಡಿ ದುಡ್ಡು ಕೂಡಿಟ್ಟು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಾತೇನಾ ಕೊಟ್ಟ ಸಾಲ ಸೇರಿಸ್ಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದ್ರು. ಅಂಥ ಬುದ್ಧಿಗೂ ಮೂರು ವರ್ಷ ಕಾಯಬೇಕಾಯ್ತು. ಬುದ್ಧಿ ಕಡಿಮೆ ಇತ್ತಾ? ನೂರು ವರ್ಷ ಆದಮೇಲೂ ಮಕ್ಕಳು ಗೆಳೆಯರ ಸಾಲ ನಂಬಿಕೊಂಡೇ ಹೋಗಬೇಕು ಅಂದ್ರೆ ನನಗೆ ಸಿಟ್ಟು ಬರುತ್ತೆ, ಬರಲೇಬೇಕು.

ನಿನ್ನೆ ರಾತ್ರಿ ಒಂಬತ್ತೂವರೆಗೆ ಕಾಕಾ ಫೋನ್ ಮಾಡಿದ್ರು. "ಯವ್ವಾ, ಕಾಲುವಿ ಕಡಿ ಎರಡೆಕರೆ ಮಾರಿಬಿಡ್ಲೇನು? ಒಬ್ಬಾಂವ ಕೇಳಾಕತ್ಯಾನ." ಅವಸರಕ್ಕೆ ಬಿದ್ದವನ ಹೊಲ ಅಂತ ಗೊತ್ತಾಗಿ ಅರ್ಧ ರೇಟಿಗೆ ಕೇಳಿದಾನೆ ಆ ಪುಣ್ಯಾತ್ಮ. ಹಿಂದೆ ಹುಡುಗಿ ಅಳೋದು ಕೇಳಿಸ್ತಿತ್ತು, "ಅಕ್ಕಾ, ಬ್ಯಾಡ ಅಂತ ಹೇಳು, ನಾನು ಹೋಗಂಗಿಲ್ಲ" ಅಂತ. ಸೋಮವಾರದವರೆಗೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಕಾಕಾ ಅಂದೆ.

ಸೋಮವಾರ ನನ್ನ ಹೆಸರಲ್ಲಿರೋ ಸೈಟಿನ ಪತ್ರ ತಗೊಂಡು ಅದೇ ಬ್ಯಾಂಕಿಗೆ ಹೋಗ್ತಿದ್ದೀನಿ, ಬೇರೆಯವರ ಆಸ್ತಿನೂ ಅಡ ಇಡಬಹುದು ಅಂತ ಆಫೀಸರೇ ಹೇಳಿದ್ರು. ಮನೇಲಿ ರಾತ್ರಿನೇ ಮಾತಾಡಿ ಆಗಿದೆ, ಸುಲಭಕ್ಕೆ ಒಪ್ಪಲಿಲ್ಲ, ಒಪ್ಪಿದಾರೆ. ಆದ್ರೆ ನನ್ನ ಸೈಟಿನ ಬೆಲೆ ಪೂರ್ತಿ ಸಾಲಕ್ಕೆ ಸಾಲಲ್ಲ, ಖರ್ಚಲ್ಲಿ ನೂರಕ್ಕೆ ಹದಿನೈದು ಪಾಲು, ಮಾರ್ಜಿನ್ ಅಂತಾರೆ, ಅದು ಬೇರೆ ಇವರೇ ಹಾಕ್ಬೇಕು. ಡೆಪಾಸಿಟ್ ಕಟ್ಟೋಕೆ ಈ ತಿಂಗಳ ಕೊನೆ ದಿನ. ಮಾನ್ವಿಯಲ್ಲಿ ಪೌತಿ ಖಾತೆ (ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡಿಸೋದು), ಇ-ಸ್ವತ್ತು ಕೆಲಸ ಬಲ್ಲೋರು ಯಾರಾದ್ರೂ ಇದ್ರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ, ಆ ಅಜ್ಜನ ಮನೆ ಖಾತೆ ಕಾಕಾನ ಹೆಸರಿಗಾದ್ರೆ ಅದನ್ನೂ ಸೇರಿಸಬಹುದು. ಮರಣ ಪತ್ರ, ವಂಶವೃಕ್ಷ ಎರಡೂ ರೆಡಿ ಇದೆ.